ಸೆಕ್ಷನ್ನಿನ ಹೋಲ್ಡಾಲು

ತಿಥಿಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆ ಹೊರಟುಹೋಗಿದ್ದರು. ಆ ಬೆಳಿಗ್ಗೆ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಶಾಮಿಯಾನದವನು ತನ್ನ ಸಾಮಾನು ತೆಗೆದುಕೊಂಡು ಹೋಗಲು ಬಂದ. ಅತ್ತೆ ಮುನಿಲಕ್ಷ್ಮಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು, ಕೊಳಗ, ಹಂಡೆ, ಜಮಖಾನ ಒಂದೊಂದನ್ನೂ ಕೈಯಲ್ಲೇ ತೋರಿಸುತ್ತಿದ್ದರು.

"ಅಮ್ಮೋ, ದೊಡ್ಡ ಸೌಟು ಕಾಣಿಸ್ತಿಲ್ಲ" ಎಂದ.

"ಸೌಟು ನಾವೇನು ನುಂಗ್ತೀವೇನಪ್ಪ? ಹಿತ್ತಲಲ್ಲಿ ಒಲೆ ಹೂಡಿದ್ರಲ್ಲ, ಅಲ್ಲಿ ನೋಡು ಹೋಗು."

ಹಿತ್ತಲಿಗೆ ಹೋಗಿ ಸೌಟು ಹಿಡಿದುಕೊಂಡು ನಡುಮನೆಯ ಮೂಲಕ ಬಂದವನು ಬೀರುವಿನ ಮೇಲೆ ನೋಡಿ ನಿಂತ. ಅಲ್ಲಿ ಖಾಕಿ ಬಣ್ಣದ ದಪ್ಪ ಸುರುಳಿಯೊಂದಿತ್ತು. ಎರಡು ಚರ್ಮದ ಪಟ್ಟಿ, ನಡುವೆ ಒಂದು ಹಿಡಿ.

"ಆ ಟಾರ್ಪಾಲು ನಮ್ದಾ?"

"ಅದು ನಮ್ದು ಕಣಪ್ಪ. ಮುಟ್ಬೇಡ" ಎಂದರು ಅತ್ತೆ ಹೊರಗಿನಿಂದಲೇ.

ಅದು ನಮ್ಮದಲ್ಲ. ನಾನು ಏನೂ ಹೇಳಲಿಲ್ಲ.

ಅವನ ಗಾಡಿ ಹೋದ ಮೇಲೆ ಅಂಗಳದಲ್ಲಿ ಕಂಬ ನೆಟ್ಟಿದ್ದ ಗುಂಡಿಗಳು ಉಳಿದವು. ಪಕ್ಕದ ಮನೆಯ ಕೋಳಿ ಬಂದು ಪ್ರತಿಯೊಂದು ಗುಂಡಿಯನ್ನೂ ಬಗ್ಗಿ ನೋಡಿತು. ಅತ್ತೆ ಒಳಗೆ ಬಂದು ರಾಗಿ ಹಿಟ್ಟಿನ ಡಬ್ಬ ತೆಗೆದರು. ನಾನು ಬೀರುವಿನಿಂದ ಡೈರಿ ತೆಗೆದೆ. ಕಾರ್ಖಾನೆಯಲ್ಲಿ ಹೊಸ ವರ್ಷಕ್ಕೆ ಎಂದು ಕೊಟ್ಟ ಡೈರಿ ಅದು. ಕಳೆದ ಜನವರಿಯಿಂದ ಖಾಲಿಯೇ ಇತ್ತು. ಡಿಸೆಂಬರಿನ ಆ ದಿನದ ಪುಟದಲ್ಲಿ ಬರೆದೆ: "ಶಾಮಿಯಾನದವನು ಬಂದು ಹೋದ. ಅಂಗಳದಲ್ಲಿ ಗುಂಡಿಗಳು."

ಅದು ನನ್ನ ಪ್ರವಾಸದ ದಿನಚರಿಯ ಮೊದಲ ಸಾಲು.

ಇದನ್ನು ಸ್ವಲ್ಪ ವಿವರಿಸಬೇಕು. ನನ್ನ ಗಂಡ ಒಂದು ದೊಡ್ಡ ಕಾರ್ಖಾನೆಯ ಟೂಲ್ ರೂಮಿನಲ್ಲಿ ಸೂಪರ್‌ವೈಸರ್ ಆಗಿದ್ದರು. ಎಂಬತ್ತೊಂದನೆಯ ಇಸವಿಯಲ್ಲಿ ಅವರಿಗೆ ಎಲ್.ಟಿ.ಸಿ. ಸಿಕ್ಕಿತು. ದೇಶ ನೋಡಿ ಬನ್ನಿ ಎಂದು ಕಾರ್ಖಾನೆಯವರು ಕೆಲವು ವರ್ಷಕ್ಕೊಮ್ಮೆ ರಜೆ ಮತ್ತು ರೈಲು ಚಾರ್ಜು ಕೊಡುತ್ತಾರೆ. ದೆಹಲಿ, ಆಗ್ರಾ, ಶಿಮ್ಲಾ ಎಂದು ನಾವು ತೀರ್ಮಾನಿಸಿದ್ದೆವು. ನಾನು ಭೂಗೋಳದಲ್ಲಿ ಎಂ.ಎ. ಮಾಡಿದವಳು. ಶಿಮ್ಲಾ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ನನಗೆ ಗೊತ್ತು. ಗುಂತಕಲ್ಲಿನಿಂದ ಆಚೆ ಎಂದೂ ಹೋಗಿರಲಿಲ್ಲ. ಹೊರಡುವ ದಿನ ಡಿಸೆಂಬರ್ ಕೊನೆಯ ವಾರ. ಮೊದಲ ವಾರದಲ್ಲಿ, ಬೆಳಗಿನ ಪಾಳಿಯಲ್ಲಿ, ಟೀ ಕುಡಿಯಲು ಮಿಷನ್ನಿನ ಪಕ್ಕದಿಂದ ಎದ್ದವರು ಅಲ್ಲೇ ಕುಸಿದರು. ಮೂವತ್ತಮೂರು ವರ್ಷ. ಹೃದಯ ನಿಂತಿತು ಎಂದರು ಡಾಕ್ಟರು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ.

ರೈಲಿನ ಟಿಕೆಟ್ಟುಗಳನ್ನು ಮೂರನೆಯ ದಿನ, ಹಾಲುತುಪ್ಪ ಬಿಟ್ಟು ಬಂದ ಕೂಡಲೇ, ಭಾವ ಬೋರಣ್ಣ ಕೇಳಿದರು. ಕೊಟ್ಟೆ. ರದ್ದು ಮಾಡಿಸಿ ಬಂದರು. ಬೀರುವಿನ ಮೇಲಿದ್ದ ಆ ಖಾಕಿ ಸುರುಳಿಯ, ಎಂದರೆ ಪ್ರಯಾಣದಲ್ಲಿ ಹಾಸಿಗೆ ಸುತ್ತಿ ಒಯ್ಯುವ ಹೋಲ್ಡಾಲಿನ, ವಿಷಯ ಯಾರಿಗೂ ಹೊಳೆಯಲಿಲ್ಲ.

ಹೋಲ್ಡಾಲು ಅವರ ಸೆಕ್ಷನ್ನಿನ ಮುಖ್ಯಸ್ಥ ಗಂಗಯ್ಯನವರದು. ಯಾವಾಗಲೋ ತರಬೇತಿಗೆ ಹೋದಾಗ ದೆಹಲಿಯಲ್ಲಿ ಕೊಂಡದ್ದು. ಆಮೇಲೆ ಅವರು ಎಲ್ಲಿಗೂ ಹೋಗಲಿಲ್ಲ. ಹೋಲ್ಡಾಲು ಹೋಯಿತು. ಟೂಲ್ ರೂಮಿನಲ್ಲಿ ಯಾರು ಎಲ್.ಟಿ.ಸಿ. ತೆಗೆದುಕೊಂಡರೂ ಅದು ಅವರ ಜೊತೆ ಹೊರಡುತ್ತಿತ್ತು. ಕಾಶ್ಮೀರಕ್ಕೆ ಹೋಗಿದೆ, ಪುರಿಗೆ ಹೋಗಿದೆ, ಕಾಶಿಗೆ ನಾಲ್ಕಾರು ಸಲ ಹೋಗಿದೆ. ಅದಕ್ಕೊಂದು ಕ್ರಮವಿತ್ತು. ಒಂದು ಮನೆಯಿಂದ ಇನ್ನೊಂದು ಮನೆಗೆ ನೇರವಾಗಿ ಹೋಗುವಂತಿಲ್ಲ. ಗಂಗಯ್ಯನವರ ಮನೆಗೆ ವಾಪಸು ಬಂದು, ಅಲ್ಲಿ ಒಂದು ರಾತ್ರಿಯಾದರೂ ಇದ್ದು, ಆಮೇಲೆ ಮುಂದಿನವರ ಕೈಗೆ. ವಾಪಸು ಕೊಡುವವರು ಖಾಲಿ ಕೊಡುವುದಿಲ್ಲ. ಹೋದ ಊರಿನದೇನಾದರೂ ಅದರೊಳಗಿಟ್ಟು ತರಬೇಕು. ಆಗ್ರಾದ ಪೇಠಾ, ಕಾಶಿಯ ದಾರ, ಕನ್ಯಾಕುಮಾರಿಯ ಬಣ್ಣದ ಮರಳು. ಶ್ರೀನಗರದಿಂದ ಬಂದ ಯಾರೋ ಸೇಬು ಇಟ್ಟಿದ್ದರು. ರೈಲಿನಲ್ಲಿ ಅದು ಕೊಳೆತು, ಆ ಕಲೆ ಇನ್ನೂ ಇದೆ.

ಅದು ನಮ್ಮ ಮನೆಗೆ ಬಂದದ್ದು ನವೆಂಬರ್ ಕೊನೆಯಲ್ಲಿ. ನನ್ನ ಗಂಡ ಸ್ಕೂಟರಿನ ಹಿಂದೆ ಕಟ್ಟಿಕೊಂಡು ಬಂದರು. ನಡುಮನೆಯಲ್ಲಿ ಬಿಚ್ಚಿ ಹಾಸಿದರು. ನುಸಿ ಗುಳಿಗೆಯ ವಾಸನೆ, ಯಾರದೋ ಕೊಬ್ಬರಿ ಎಣ್ಣೆಯ ವಾಸನೆ. ಎರಡೂ ತುದಿಗೆ ಜೇಬಿನಂಥ ಮಡಿಕೆ. "ಈ ಕಡೆ ನಂದು, ಆ ಕಡೆ ನಿಂದು" ಎಂದರು. ಆಮೇಲೆ ಅದರೊಳಗೇ ಮಲಗಿದರು, ರೈಲಿನಲ್ಲಿ ನಿದ್ದೆ ಬರುತ್ತದೋ ಇಲ್ಲವೋ ನೋಡಬೇಕಂತೆ.

ಅತ್ತೆ ಬಾಗಿಲಲ್ಲಿ ನಿಂತು, "ಏನ್ಲಾ ತಿಮ್ಮ, ಹಲಸಿನ ಹಣ್ಣಿಗೆ ಗೋಣಿ ಸುತ್ತಿದಂಗಿದ್ದೀಯ" ಎಂದರು.

"ದಿಲ್ಲಿ ಬರೋಗಂಟ ಎಬ್ಬಿಸ್ಬೇಡ ಕಣಮ್ಮ" ಎಂದರು ಒಳಗಿನಿಂದ.

ಆ ರಾತ್ರಿಯೇ ನನಗೆ ಡೈರಿ ಕೊಟ್ಟದ್ದು. "ಶಿಮ್ಲಾ ಬಗ್ಗೆ ಎಲ್ರೂ ಬರೀತಾರೆ. ಹೊರಡೋಕೆ ಮುಂಚೆ ಮನೇಲಿ ಏನೇನು ಗಲಾಟೆ ಆಗುತ್ತೆ ಅನ್ನೋದನ್ನ ಯಾರೂ ಬರೆಯಲ್ಲ. ನೀನು ಎಂ.ಎ. ಮಾಡಿದೋಳು, ಹೋಲ್ಡಾಲು ಬಂದ ದಿನದಿಂದ ಶುರು ಮಾಡು" ಎಂದರು. ಆಗಲಿ ಎಂದೆ. ಬರೆಯಲಿಲ್ಲ. ಕೆಲಸವಿತ್ತು. ಅವರ ಕಡೆಯ ಜೇಬಿಗೆ ಅವರು ದಿನವೂ ಒಂದೊಂದು ಸಾಮಾನು ಸೇರಿಸುತ್ತಿದ್ದರು. ನನ್ನ ಕಡೆ ನಾನು ಏನನ್ನೂ ಇಡಲಿಲ್ಲ. ಇನ್ನೂ ಬೇಕಾದಷ್ಟು ದಿನ ಇವೆ ಎಂದುಕೊಂಡಿದ್ದೆ.

ಆದ್ದರಿಂದ ಶಾಮಿಯಾನದವನು ಬಂದ ಬೆಳಿಗ್ಗೆ ಶುರು ಮಾಡಿದೆ. ಅಳು ಬರುತ್ತಿರಲಿಲ್ಲ. ಬಂದವರೆಲ್ಲ ಅದನ್ನು ಗಮನಿಸಿದ್ದರು, "ಒಂದ್ಸಲ ಅತ್ತುಬಿಡವ್ವ" ಎಂದಿದ್ದರು. ನನಗೆ ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು, ಅಷ್ಟೆ. ಆದರೆ ಬೀರುವಿನ ಮೇಲೆ ಹೋಲ್ಡಾಲು ಇರುವವರೆಗೆ ನಾವಿನ್ನೂ ಹೊರಡುವ ಮುಂಚಿನವರು. ಅದನ್ನು ಕೊಟ್ಟುಬಿಟ್ಟರೆ ಹೊರಡುವುದು ಎಂಬುದೇ ಇರುವುದಿಲ್ಲ. ಇದು ಸರಿಯಾದ ಯೋಚನೆಯಲ್ಲ ಎಂದು ನನಗೆ ಆಗಲೂ ಗೊತ್ತಿತ್ತು. ಆದರೂ ಬರೆದೆ. ದಿನಕ್ಕೆ ಎರಡು ಸಾಲು, ಮೂರು ಸಾಲು.

"ಬಾವಿಯ ರಾಟೆಗೆ ಎಣ್ಣೆ ಹಾಕಿದೆ."

"ಚಳಿ. ಅತ್ತೆ ಮಗನ ಸ್ವೆಟರು ಹಾಕಿಕೊಂಡಿದ್ದಾರೆ. ತೋಳು ಉದ್ದ."

"ಇವತ್ತು ರಾತ್ರಿ ರೈಲು. ಹುರುಳಿ ಸಾರು ಮಾಡಿದೆ."

ಆ ರಾತ್ರಿಯ ರೈಲೂ ಹೋಯಿತು. ನಾವು ಬರಬೇಕಾಗಿದ್ದ ದಿನವೂ ಹೋಯಿತು. ಡೈರಿಯಲ್ಲಿ ಪುಟಗಳು ಮುಗಿದವು. ಮೊದಲಿಗೆ ಹೋಗಿ, ಹಳೆಯ ಜನವರಿಯ ಖಾಲಿ ಪುಟಗಳಲ್ಲಿ ಬರೆಯತೊಡಗಿದೆ.

ಪಂಕಜಾ ಬಂದದ್ದು ಸಂಕ್ರಾಂತಿಗೆ ಮುಂಚಿನ ವಾರ. ಅವಳ ಗಂಡ ದಾಸಪ್ಪ ಅದೇ ಟೂಲ್ ರೂಮಿನಲ್ಲಿ ಕೆಲಸ ಮಾಡುವವರು. ಹೋಲ್ಡಾಲಿಗೆ ನಮ್ಮ ನಂತರದ ಸರದಿ ಅವರದು. ಸಂಕ್ರಾಂತಿ ಕಳೆದು ಅವರು ರಾಮೇಶ್ವರಕ್ಕೆ ಹೋಗುವವರಿದ್ದರು. ಬಾಗಿಲಲ್ಲಿ "ಚೆನ್ನಾಗಿದ್ದೀರಾ ಅಕ್ಕ" ಎಂದವಳು ನಾಲಿಗೆ ಕಚ್ಚಿಕೊಂಡು, ಬಾಳೆಹಣ್ಣಿನ ಚಿಪ್ಪನ್ನು ಅತ್ತೆಯ ಕೈಗೆ ಕೊಟ್ಟಳು.

"ಎಲ್ಲಿಂದ ಬಂದೆ ತಾಯಿ?"

"ಜೆ.ಪಿ. ನಗರದಿಂದ ಅಮ್ಮ."

"ಅಲ್ಲಿಂದ ಬಾಳೆಹಣ್ಣು ಹೊತ್ಕೊಂಡು ಬಂದ್ಯಾ? ಇಟ್ಟಮಡುನಾಗೆ ಸಿಗಾಕಿಲ್ವಾ?"

"ಬರಿಗೈಲಿ ಹೋಗ್ಬೇಡ ಅಂದ್ರು ನಮ್ಮತ್ತೆ."

ಕೂತಳು. ನಾನು ಕಾಫಿ ತಂದೆ. ನಿಮ್ಮ ಕಡೆ ಸೀಮೆಎಣ್ಣೆ ಬಂತಾ ಎಂದು ಕೇಳಿದಳು. ಬಂತು ಎಂದೆ. ನೀರು ಹೇಗೆ ಎಂದಳು. ಬಾವಿ ಇದೆ ಎಂದೆ. ಅವಳ ಕಣ್ಣು ಬೀರುವಿನ ಮೇಲಕ್ಕೆ ಹೋಗಿ, ಹೆದರಿದಂತೆ ಕೆಳಗಿಳಿಯಿತು.

"ಬೀರು ಹೊಸದಾ ಅಕ್ಕ?"

"ಇಲ್ಲ. ಮದುವೆಯಲ್ಲಿ ಕೊಟ್ಟದ್ದು."

"ಚೆನ್ನಾಗಿದೆ. ಎತ್ತರ ಇದೆ."

ನಾನೇ ಕೇಳಿದೆ: "ರಾಮೇಶ್ವರಕ್ಕೆ ಯಾವಾಗ ಹೊರಡೋದು?"

"ಹಬ್ಬ ಆದ್ಮೇಲೆ ಅಂತ ಇತ್ತು ಅಕ್ಕ. ಏನ್ ಅವಸರ ಇಲ್ಲ. ನಮ್ಮತ್ತೆಗೆ ಮಂಡಿ ನೋವು ಬೇರೆ."

"ಮಂಡಿ ನೋವಾ? ಹರಳೆಣ್ಣೆ ಕಾಯಿಸಿ ತಿಕ್ಕು" ಎಂದರು ಅತ್ತೆ.

"ತಿಕ್ತಿದೀನಿ ಅಮ್ಮ."

"ಮತ್ತೆ ಹೋಗಿ ಬನ್ನಿ. ದೇವರು ನೋಡೋದು ಮುಂದಕ್ಕೆ ಹಾಕ್ಬಾರ್ದು."

ಪಂಕಜಾ ಬಾಯಿ ತೆರೆದಳು. ಈಗ ಕೇಳುತ್ತಾಳೆ ಎಂದುಕೊಂಡೆ. ನನ್ನ ಕೈ ತಟ್ಟೆಯ ಅಂಚನ್ನು ಹಿಡಿದಿತ್ತು. ಅವಳು ಕಾಫಿ ಕುಡಿದಳು. ಕೇಳಲಿಲ್ಲ. ನಾಳೆಯೇ ಗಂಗಯ್ಯನವರ ಮನೆಗೆ ಮುಟ್ಟಿಸುತ್ತೇನೆ, ಇಲ್ಲವೇ ಈಗಲೇ ಕೊಡಲಾರೆ, ಎರಡರಲ್ಲಿ ಒಂದನ್ನು ನಾನು ಹೇಳಬಹುದಿತ್ತು. ನಾನೂ ಹೇಳಲಿಲ್ಲ.

ಹೊರಡುವಾಗ ಅವಳಿಗೆ ಇನ್ನೊಂದು ಕಷ್ಟ ಬಂತು. ಸಾವಾದ ಮನೆಯಿಂದ "ಹೋಗಿ ಬರ್ತೀನಿ" ಎನ್ನುವ ಹಾಗಿಲ್ಲ. ತಿಥಿ ಆದ ಮೇಲೆ ಅನ್ನಬಹುದೋ ಏನೋ, ಅವಳಿಗೆ ಗೊತ್ತಿರಲಿಲ್ಲ. "ಸರಿ ಅಕ್ಕ" ಎಂದಳು. ಒಂದು ಚಪ್ಪಲಿ ಹಾಕಿಕೊಂಡು ನಿಂತು "ಆಯ್ತು ಅಕ್ಕ" ಎಂದಳು. ಗೇಟಿನ ಹತ್ತಿರ ಮತ್ತೆ "ಸರಿ ಅಮ್ಮ" ಎಂದಳು.

"ಹೋಗು ತಾಯಿ, ಬಸ್ಸು ತಪ್ಪೋಯ್ತದೆ" ಎಂದು ಅತ್ತೆಯೇ ಬಿಡಿಸಿದರು.

ಒಳಗೆ ಬಂದು ಬಾಳೆಹಣ್ಣನ್ನು ಗೂಡಿನಲ್ಲಿಟ್ಟು, "ಅವ್ಳು ಮೇಲೆ ಏನ್ ನೋಡ್ತಿದ್ಲು, ಹಲ್ಲಿ ಕಂಡಂಗೆ?" ಎಂದು ಕೇಳಿದರು.

"ಹೋಲ್ಡಾಲು. ಅದು ಅವರಿಗೆ ಬೇಕು. ಈಗ ಸರದಿ ಅವರದು."

"ನಮ್ದಲ್ವಾ ಅದು?"

"ಗಂಗಯ್ಯನವರದು. ನಿಮ್ಮ ಮಗ ಕೇಳಿ ತಂದಿದ್ದರು."

ಅತ್ತೆ ನನ್ನ ಕಡೆ ತಿರುಗಿದರು. "ನಾನು ಶಾಮಿಯಾನದೋನಿಗೆ ನಮ್ದೇ ಅಂದ್ಬಿಟ್ನಲ್ಲ. ನೀನಾದ್ರೂ ಹೇಳ್ಬಾರ್ದಾ?"

ನಾನು ಲೋಟ ಎತ್ತಿಕೊಂಡೆ.

"ಕೊಡಾಕೆ ಮನಸಿಲ್ವಾ?"

"ಕೊಟ್ಟರೆ ಹೋಗುವುದು ಮುಗಿದ ಹಾಗೆ" ಎಂದೆ.

ಅತ್ತೆ ಓದಿದವರಲ್ಲ. ಇಟ್ಟಮಡು ಬಿಟ್ಟು ತಿರುಪತಿಗೆ ಒಮ್ಮೆ, ಘಾಟಿ ಜಾತ್ರೆಗೆ ಒಮ್ಮೆ ಹೋಗಿದ್ದವರು. ಸುತ್ತಲಿನ ಅವರ ಹೊಲಗಳು ಸೈಟುಗಳಾಗಿದ್ದವು. ಬಾಡಿಗೆಯ ಎರಡು ಮನೆ ಮತ್ತು ಹಿತ್ತಲು ಉಳಿದಿತ್ತು. ಅವರು ಗೋಡೆಗೊರಗಿ ಕೂತು ಬಹಳ ಹೊತ್ತು ಯೋಚನೆ ಮಾಡಿದರು.

"ನೀನೊಬ್ಳೇ ಹೋಗಿ ಬರ್ತೀಯಾ? ಬೋರನ್ನ ಜೊತೆಗೆ ಕಳಿಸ್ತೀನಿ ಬೇಕಾದ್ರೆ. ಅವನ ಬಾಯಿ ನಾನು ಮುಚ್ಚಿಸ್ತೀನಿ."

ನಾನು ತಲೆಯೆತ್ತಿದೆ. ಈ ಮಾತನ್ನು ಅವರಿಂದ ನಾನು ಎಣಿಸಿರಲಿಲ್ಲ.

"ಆ ಊರಲ್ಲಿ ಬೆಟ್ಟ ಅದಾ?" ಎಂದು ಕೇಳಿದರು.

"ಊರೇ ಬೆಟ್ಟದ ಮೇಲಿದೆ ಅತ್ತೆ."

"ಹಂಗಾದ್ರೆ ಆಗಾಕಿಲ್ಲ. ವರ್ಷ ತುಂಬೋಗಂಟ ಸಾವಾದ ಮನೆಯೋರು ಬೆಟ್ಟ ಹತ್ತಂಗಿಲ್ಲ." ಅವರ ಮುಖ ಕೋಪದಿಂದ ಬಿಗಿಯಿತು. "ಆ ತಿಮ್ಮನಿಗೆ ಬುದ್ಧಿ ಬ್ಯಾಡ್ವಾ? ಇಷ್ಟು ದೊಡ್ಡ ದೇಸದಾಗೆ ಮಟ್ಟಸವಾಗಿರೋ ಊರು ಒಂದೂ ಸಿಗ್ಲಿಲ್ವಾ ಅವನಿಗೆ?"

ಒಳಗಿನ ಕೋಣೆಯಲ್ಲಿ ಕೂತವರನ್ನು ಬೈದ ಹಾಗೆ ಬೈದರು. ಉತ್ತರ ಬರುತ್ತದೆಂಬಂತೆ ಇಬ್ಬರೂ ಆ ಕೋಣೆಯ ಬಾಗಿಲು ನೋಡಿದೆವು. ಆಮೇಲೆ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಹಿತ್ತಲಿಗೆ ಹೋದರು.

ನಾನು ಕುರ್ಚಿ ಹಾಕಿ ಹತ್ತಿ ಹೋಲ್ಡಾಲನ್ನು ಇಳಿಸಿದೆ. ಧೂಳಿತ್ತು. ಪಟ್ಟಿ ಬಿಚ್ಚಿ ನಡುಮನೆಯಲ್ಲಿ ಹಾಸಿದೆ. ಮೊದಲು ನನ್ನ ಕಡೆಯ ಜೇಬಿಗೆ ಕೈ ಹಾಕಿದೆ. ಖಾಲಿ. ತಳದಲ್ಲಿ ಯಾರದೋ ಪ್ರವಾಸದ ಕಡಲೆಸಿಪ್ಪೆ. ಆಮೇಲೆ ಅವರ ಕಡೆಯದು. ಕೆಂಪು ಮಂಕಿ ಟೋಪಿ. ಟಾರ್ಚು, ಅದಕ್ಕೆ ಶೆಲ್ಲು ಬೇರೆ. ಸೋಪಿನ ಡಬ್ಬಿ. ರೈಲಿನಲ್ಲಿ ಸೀಟಿನ ಕೆಳಗೆ ಪೆಟ್ಟಿಗೆ ಬಿಗಿಯಲು ಸರಪಣಿ, ಬೀಗ. ನಿಂಬೆಹುಳಿ ಪೆಪ್ಪರಮಿಂಟಿನ ಪೊಟ್ಟಣ. ನನಗೆ ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆ, ಶಿಮ್ಲಾಗೆ ಹೋಗುವ ದಾರಿ ಸುತ್ತು ಎಂದು ಯಾರೋ ಅವರಿಗೆ ಹೇಳಿದ್ದರು. ಪೆಪ್ಪರಮಿಂಟು ಬೆವರಿ ಕಾಗದಕ್ಕೆ ಅಂಟಿಕೊಂಡಿದ್ದವು. ಒಂದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡೆ. ಕಾಗದ ಸಮೇತ ಹುಳಿಯಾಗಿತ್ತು. ಅದು ಕರಗುವವರೆಗೆ ಅಲ್ಲೇ ಕೂತಿದ್ದೆ.

ಉಳಿದದ್ದನ್ನೆಲ್ಲ ಬೀರುವಿನೊಳಗೆ ಅವರ ಅಂಗಿಗಳ ಪಕ್ಕದಲ್ಲಿಟ್ಟೆ. ಹೋಲ್ಡಾಲನ್ನು ಹೊರಗೆ ಕೊಡವಿ, ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಾಕಿದೆ. ಕೊಡುತ್ತೇನೆ ಎಂದು ನಾನು ತೀರ್ಮಾನಿಸಿದ್ದು ಯಾವ ಗಳಿಗೆಯಲ್ಲಿ ಎಂದು ಹೇಳಲು ಬರುವುದಿಲ್ಲ. ಕೈ ಕೆಲಸ ಮಾಡುತ್ತಿತ್ತು.

ಖಾಲಿ ಕೊಡುವಂತಿಲ್ಲ ಎಂಬುದನ್ನು ಆ ಸಂಜೆ ಅತ್ತೆಗೆ ಹೇಳಿದೆ. ಹೋದ ಊರಿನದೇನಾದರೂ ಇಡಬೇಕು. ನಾವು ಎಲ್ಲಿಗೂ ಹೋಗಿಲ್ಲ.

"ಇಟ್ಟಮಡು ಊರಲ್ವಾ?" ಎಂದರು ಅತ್ತೆ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಹಿತ್ತಲಿನಿಂದ ಒಂದು ಮೊರ ಅವರೇಕಾಯಿ ಬಿಡಿಸಿಕೊಂಡು ಬಂದಿದ್ದರು. ಇಬ್ಬನಿಯಲ್ಲಿ ನೆನೆದ ಕಾಯಿ. ಅವರ ಬೆರಳುಗಳಿಗೆ ಸೊನೆ ಹತ್ತಿತ್ತು. ಎರಡೂ ತುದಿಯ ಜೇಬಿಗೆ ತುಂಬಿಸಿದರು. ಸುರುಳಿ ಸುತ್ತಿದಾಗ ಅದು ದಪ್ಪಗಾಯಿತು, ನಿಜವಾಗಿಯೂ ದೂರ ಹೊರಟವರ ಸಾಮಾನಿನಂತೆ. ಹೊರಡುವ ಮುಂಚೆ ಡೈರಿಯಲ್ಲಿ ಬರೆದೆ: "ಇವತ್ತು ಹೊರಡುತ್ತೇನೆ. ಇಟ್ಟಮಡುವಿನಿಂದ ಜಯನಗರ ನಾಲ್ಕನೇ ಬ್ಲಾಕಿಗೆ. ಸಾಮಾನು ಒಂದು ಹೋಲ್ಡಾಲು."

ಬನಶಂಕರಿಯಲ್ಲಿ ಬಸ್ಸು ಬದಲಾಯಿಸಬೇಕು. ಎರಡನೇ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಹೋಲ್ಡಾಲನ್ನು ಕಾಲಿನ ಹತ್ತಿರ ನಿಲ್ಲಿಸಿಕೊಂಡೆ. ಕಂಡಕ್ಟರು ಅದನ್ನು ಮೊಣಕಾಲಿನಿಂದ ಒತ್ತಿ ನೋಡಿದ.

"ಏನ್ ಮೇಡಂ, ಇಷ್ಟು ದೊಡ್ಡದು. ಲಗೇಜ್ ಆಗುತ್ತೆ. ಎಲ್ಲಿಗೆ, ಸ್ಟೇಷನ್ನಿಗಾ?"

"ನಾಲ್ಕನೇ ಬ್ಲಾಕಿಗೆ."

"ನಾಲ್ಕನೇ ಬ್ಲಾಕಿಗೆ ಹಾಸಿಗೆ ಕಟ್ಕೊಂಡು ಹೊರಟಿದ್ದೀರಲ್ಲ! ಅಲ್ಲೇ ಸೆಟ್ಲಾಗ್ತೀರಾ?"

ಸುತ್ತಲಿನವರು ನಕ್ಕರು. ಒಬ್ಬ ಹೆಂಗಸು ಮೂಗು ಅರಳಿಸಿ, "ಅವರೇಕಾಯಿ ಕಣ್ರೀ ಅದರಾಗೆ. ಘಮ ನೋಡಿ" ಎಂದಳು. ಕಂಡಕ್ಟರು ನನ್ನ ಬರಿ ಹಣೆ ನೋಡಿದ. ಲಗೇಜಿನ ಟಿಕೆಟು ಹರಿಯದೆ ಮುಂದೆ ಹೋದ. ನಾನು ಕೂಗಿ ಕೇಳಿ ತೆಗೆದುಕೊಂಡೆ.

ಗಂಗಯ್ಯನವರ ಮನೆ ಶಾಪಿಂಗ್ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿ. ಅವರು ಕೆಲಸಕ್ಕೆ ಹೋಗಿದ್ದರು. ಬಾಗಿಲು ತೆರೆದದ್ದು ಅವರ ಹೆಂಡತಿ ಸರ್ವಮಂಗಳಾ. ಮೊದಲು ಹೋಲ್ಡಾಲು ನೋಡಿದರು, ಆಮೇಲೆ ನನ್ನನ್ನು.

"ನಾವು ಕೇಳ್ಲೇ ಇಲ್ವಲ್ಲಮ್ಮ! ದಾಸಪ್ಪನಿಗೆ ನಾನೇ ಹೇಳಿದ್ದೆ, ಬೇರೆ ಎಲ್ಲಾದ್ರೂ ನೋಡ್ಕೊಳಪ್ಪ, ಆ ಮನೆ ಹುಡುಗೀನ ಕೇಳ್ಬೇಡಿ ಅಂತ. ಪಂಕಜಾ ಬಂದು ಕೇಳಿದ್ಲಾ?"

"ಇಲ್ಲ. ಬೀರು ಚೆನ್ನಾಗಿದೆ ಅಂದಳು."

ಅವರು ಬಾಯಿಗೆ ಸೆರಗು ಅಡ್ಡ ಹಿಡಿದರು. ನಗುವೋ ಅಳುವೋ ತಿಳಿಯಲಿಲ್ಲ. ಒಳಗೆ ಕರೆದು ಚಾಪೆ ಹಾಕಿದರು. ಅಲ್ಲಿಯವರೆಗೆ ಅದನ್ನು ಹೊತ್ತು ತಂದ ನನ್ನ ಬೆರಳುಗಳಲ್ಲಿ ಹಿಡಿಯ ಗುರುತು ಕೆಂಪಗೆ ಮೂಡಿತ್ತು.

"ಇನ್ನೂ ಸ್ವಲ್ಪ ದಿನ ಇಟ್ಕೊಬೇಕು ಅನ್ನಿಸಿದ್ರೆ ಇಟ್ಕೊ. ನಾನೇನು ಹೊರಗಿನೋಳಲ್ಲ."

"ಇಟ್ಟುಕೊಂಡಿದ್ದೆ" ಎಂದೆ.

ವಾಪಸು ಬಂದ ಹೋಲ್ಡಾಲನ್ನು ತಂದವರ ಎದುರಿಗೇ ಬಿಚ್ಚುವುದು ಆ ಮನೆಯ ರೂಢಿ. ಪಟ್ಟಿ ಬಿಚ್ಚಲು ಅವರ ಕೈ ಹಿಂಜರಿಯಿತು. ಖಾಲಿ ಇರುತ್ತದೆ, ನನಗೆ ನೋವಾಗುತ್ತದೆ ಎಂದು ಇರಬೇಕು. ನಾನೇ ಬಿಚ್ಚಿದೆ. ಮಡಿಕೆ ತೆರೆದಾಗ ಕೋಣೆಯ ತುಂಬ ಸೊಗಡು.

"ಅಯ್ಯೋ, ಎಷ್ಟು ಎಳೇದಿದೆ! ಎಲ್ಲೀದು?"

"ಇಟ್ಟಮಡುದು. ಅತ್ತೆ ಹಿತ್ತಲಲ್ಲಿ ಬೆಳೆದದ್ದು."

ಅವರು ಒಂದು ಕಾಯಿ ಸುಲಿದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿದರು. "ಇಷ್ಟು ಸೊಗಡು ನಮ್ಮ ಮಾರ್ಕೆಟ್ಟಲ್ಲಿ ಬರಲ್ಲ. ನಿಮ್ಮತ್ತೆಗೆ ಹೇಳು" ಎಂದರು. ಎರಡೂ ಕಡೆಯಿಂದ ಕಾಯನ್ನು ಮೊರಕ್ಕೆ ಸುರಿದುಕೊಂಡರು. ಒಂದು ಕಾಯಿ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಬಗ್ಗಿ ಅದನ್ನೂ ತೆಗೆದರು. ಕುಕ್ಕರು ಕೂಗಿತು, ಅವರು ಎದ್ದು ಹೋಗಿ ಆರಿಸಿ ಬಂದರು.

ಇಬ್ಬರೂ ಸೇರಿ ಹೋಲ್ಡಾಲನ್ನು ಸುತ್ತಿದೆವು. ಈಗ ತೆಳ್ಳಗಿತ್ತು. ನಾನು ಮಂಡಿಯಿಂದ ಅದುಮಿ ಹಿಡಿದೆ. ಅವರು ಪಟ್ಟಿ ಬಿಗಿದರು. ಅದನ್ನಿಡುವ ಜಾಗ ಅಡಿಗೆಮನೆಯ ಸಜ್ಜೆ. "ಇವರು ಬಂದ ಮೇಲೆ ಇಡ್ತಾರೆ, ಬಿಡು" ಎಂದರು ಸರ್ವಮಂಗಳಾ.

ಸ್ಟೂಲು ಕೊಡಿ ಎಂದೆ. ಕೊಟ್ಟರು. ಹತ್ತಿ ನಾನೇ ಸಜ್ಜೆಯ ಮೇಲೆ ತಳ್ಳಿ ಇಟ್ಟೆ, ಹಿಡಿ ಈ ಕಡೆಗೆ ಬರುವ ಹಾಗೆ. ಅವರು ಕೆಳಗೆ ಎರಡೂ ಕೈಯಲ್ಲಿ ಸ್ಟೂಲು ಹಿಡಿದುಕೊಂಡು ನಿಂತಿದ್ದರು.